ತನ್ನೊಂದಿಗೆ ತಾನೇ ಇಸ್ಪೀಟಾಡಿದವನು

ಮೊನ್ನೆಯ ಭಾನುವಾರ ಪೂರ್ತಿ 1913ರ ಮೂಕಿ ಚಿತ್ರವೊಂದರ ಒಂದೆರಡು ನಿಮಿಷಗಳಲ್ಲೇ ಕಳೆದುಹೋಯಿತು. ಚಿತ್ರದ ಹೆಸರು ‘ಪ್ರಾಗ್‌ನ ವಿದ್ಯಾರ್ಥಿ’. ಬಾಲ್ಡುಯಿನ್ ಎಂಬ ಕೈ ಬರಿದಾದ ವಿದ್ಯಾರ್ಥಿ, ಸ್ಕಾಪಿನೆಲ್ಲಿ ಎಂಬ ಮುದುಕ ಸುರಿದ ಹೊನ್ನಿಗೆ ಮರುಳಾಗಿ, ‘ನನ್ನ ಕೋಣೆಯಲ್ಲಿರುವ ಏನನ್ನು ಬೇಕಾದರೂ ತೆಗೆದುಕೋ’ ಎಂದು ಸಹಿ ಹಾಕಿಕೊಡುತ್ತಾನೆ. ಕೋಣೆಯಲ್ಲಿ ಏನು ಮಹಾ ಇದೆ ಎಂಬ ಧೈರ್ಯ. ಮುದುಕ ಕನ್ನಡಿಯತ್ತ ಬೆರಳು ತೋರಿಸುತ್ತಾನೆ. ಪ್ರತಿಬಿಂಬ ಕಟ್ಟು ದಾಟಿ ಹೊರಬಂದು, ಮುದುಕನ ಹಿಂದೆ ಬಾಗಿಲಾಚೆ ನಡೆದುಬಿಡುತ್ತದೆ.

ನಮ್ಮ ಟಾಕೀಸುಗಳಲ್ಲಿ ‘ಡಬಲ್ ಆ್ಯಕ್ಟಿಂಗ್’ ಎನ್ನುತ್ತಿದ್ದರಲ್ಲ, ಅದೇ ವಿದ್ಯೆ. ಇಲ್ಲಿ ಎರಡೂ ಪಾತ್ರ ಪಾಲ್ ವೆಗೆನರ್‌ನದು. ಹುಟ್ಟಿದ್ದು 1874ರಲ್ಲಿ, ಅಂದರೆ ಈ ‘ವಿದ್ಯಾರ್ಥಿ’ಗೆ ಆಗಲೇ 38 ವರ್ಷ. ದಪ್ಪ ಮೈ, ಅಗಲ ಕೆನ್ನೆ, ಕಿರಿದಾದ ಕಣ್ಣು. ನಾಯಕನ ಮುಖ ಅಂತೂ ಅಲ್ಲ. ಕಾನೂನು ಓದುವುದನ್ನು ನಡುವೆ ಬಿಟ್ಟು ನಾಟಕಕ್ಕೆ ಹೊರಟು, 1906ರಲ್ಲಿ ಬರ್ಲಿನ್‌ನಲ್ಲಿ ರಂಗನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್‌ನ ತಂಡ ಸೇರಿದ್ದ. ರಂಗದಲ್ಲಿ ಹೆಸರು ಮಾಡಿದವರು ಸಿನಿಮಾ ಎಂದರೆ ಮೂಗು ಮುರಿಯುತ್ತಿದ್ದ ಕಾಲ. ಇವನನ್ನು ಎಳೆದದ್ದು ಕಥೆಯಲ್ಲ, ತಮಾಷೆಯ ಕೆಲವು ಫೋಟೊಗಳು: ಒಬ್ಬನೇ ಮನುಷ್ಯ ತನ್ನೊಂದಿಗೆ ತಾನೇ ಇಸ್ಪೀಟಾಡುವುದು, ತನ್ನೊಂದಿಗೆ ತಾನೇ ಕತ್ತಿವರಸೆ ಮಾಡುವುದು. ಇದನ್ನು 1916ರ ಒಂದು ಭಾಷಣದಲ್ಲಿ ಅವನೇ ಹೇಳಿಕೊಂಡಿದ್ದಾನೆ. ಸಿನಿಮಾದ ನಿಜವಾದ ಕವಿ ಕ್ಯಾಮರಾ ಎಂದದ್ದೂ ಅದೇ ಭಾಷಣದಲ್ಲಿ. ನಟನ ಬಾಯಲ್ಲಿ ಈ ಮಾತು ಸುಲಭಕ್ಕೆ ಬರುವಂಥದಲ್ಲ.

ಕ್ಯಾಮರಾ ಹಿಡಿದವನು ಗೀಡೊ ಜೇಬರ್. ಇಂಥ ಕೆಲಸ ನಡೆಯುತ್ತಿದ್ದುದು ಹೀಗೆ. ಲೆನ್ಸಿನ ಮುಂದೆ, ಇಲ್ಲವೇ ಒಳಗೆ ಫಿಲ್ಮಿನ ಹತ್ತಿರವೇ, ಚಿತ್ರದ ಅರ್ಧ ಭಾಗ ಮುಚ್ಚುವ ಮಾಸ್ಕ್ ಇಡಬೇಕು. ನಟ ತೆರೆದಿರುವ ಅರ್ಧದಲ್ಲಿ ಮಾತ್ರ ಆಡುತ್ತಾನೆ. ಕೈಯಿಂದ ತಿರುಗಿಸುವ ಕ್ಯಾಮರಾ ಹಿಡಿಕೆಯ ಒಂದು ಸುತ್ತಿಗೆ 8 ಫ್ರೇಮ್, ಸೆಕೆಂಡಿಗೆ ಎರಡು ಸುತ್ತು. 60 ಸುತ್ತು ತಿರುಗಿಸಿದರೆ 480 ಫ್ರೇಮ್, ಅಂದರೆ 30 ಸೆಕೆಂಡು, 30 ಅಡಿ ಫಿಲ್ಮ್. ಆಮೇಲೆ ಲೆನ್ಸಿಗೆ ಮುಚ್ಚಳ ಹಾಕಿ ಅದೇ 60 ಸುತ್ತು ಹಿಂದಕ್ಕೆ ತಿರುಗಿಸಬೇಕು, ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ. ಮಾಸ್ಕನ್ನು ಆ ಕಡೆಗೆ ಬದಲಿಸಿ, ನಟ ಇನ್ನೊಬ್ಬನಾಗಿ ಬಂದು ಉಳಿದ ಅರ್ಧ ತುಂಬುತ್ತಾನೆ. ಎಲ್ಲವೂ ಒಂದೇ ನೆಗೆಟಿವ್ ಮೇಲೆ. 59ನೇ ಸುತ್ತಿನಲ್ಲಿ ಎಡವಿದರೂ ಮೊದಲಿನ ಅರ್ಧವೂ ಹೋಯಿತೆಂದೇ ಲೆಕ್ಕ.

ಕೆಡುವ ದಾರಿಗಳು ಬೇಕಾದಷ್ಟಿವೆ. ಎರಡು ಮಾಸ್ಕ್ ಮುಚ್ಚುವ ಭಾಗಗಳು ಕೂದಲೆಳೆಯಷ್ಟು ಒಂದರ ಮೇಲೊಂದು ಬಂದರೂ ಪ್ರಿಂಟಿನಲ್ಲಿ ಕಪ್ಪು ಪಟ್ಟೆ. ತೆರೆದ ಭಾಗಗಳು ಒಂದರೊಳಗೊಂದು ನುಗ್ಗಿದರೆ ಬಿಳಿ ಪಟ್ಟೆ. ಮಾಸ್ಕ್ ಲೆನ್ಸಿಗೆ ಹತ್ತಿರವಿದ್ದರೆ ಅದರ ಅಂಚು ಮಸುಕಾಗಿ, ಎರಡು ಅರ್ಧ ಕೂಡುವ ಗೆರೆ ಮರೆಯಾಗುತ್ತದೆ. ಬೆಳಕು ಜಾಸ್ತಿಯಾಯಿತೆಂದು ಲೆನ್ಸಿನ ಕಿಂಡಿ ಕಿರಿದು ಮಾಡಿದರೋ, ಅಂಚು ಮತ್ತೆ ಚುರುಕಾಗಿ ಎದ್ದು ಕಾಣುತ್ತದೆ. ಬಿಸಿಲನ್ನೇ ಹೆಚ್ಚು ನೆಚ್ಚಿದ್ದ ಗಾಜಿನ ಸ್ಟುಡಿಯೊಗಳ ಕಾಲವದು. ಎರಡು ಸರದಿಯ ನಡುವೆ ಒಂದು ಮೋಡ ಹಾದರೆ ಒಂದೇ ಕೋಣೆಯಲ್ಲಿ ಎಡಕ್ಕೆ ಮಧ್ಯಾಹ್ನ, ಬಲಕ್ಕೆ ಸಂಜೆ. ಸ್ಟ್ಯಾಂಡಿಗೆ ಯಾರದೋ ಕಾಲು ತಾಗಿದರೆ ಗೋಡೆಯೇ ನಡುವೆ ಮುರಿಯುತ್ತದೆ. ನಟ ಮೈಮರೆತು ಕೈ ಚಾಚಿದರೆ ಮುಂಗೈ ಗಾಳಿಯಲ್ಲಿ ಕರಗಿಹೋಗುತ್ತದೆ.

ನಟನ ಪಾಡು ಇನ್ನೂ ಕಷ್ಟ. ಎದುರಿಗೆ ಯಾರೂ ಇಲ್ಲ. ಇನ್ನೊಬ್ಬ ‘ತಾನು’ ಎಷ್ಟನೇ ಎಣಿಕೆಗೆ ತಲೆ ಎತ್ತಿದ್ದ, ಎಷ್ಟು ಎತ್ತರದಲ್ಲಿ ಅವನ ಕಣ್ಣಿತ್ತು ಎಂಬುದನ್ನು ನೆನಪಿಟ್ಟು, ಖಾಲಿ ಜಾಗವನ್ನು ನೋಡಿ ಬೆಚ್ಚಬೇಕು. ಸದ್ಯ, ಮೂಕಿ ಚಿತ್ರ. ಎಣಿಕೆಯನ್ನು ಗಟ್ಟಿಯಾಗಿ ಕೂಗಿದರೂ ಅಡ್ಡಿಯಿಲ್ಲ.

ಗೆರೆ ಹುಡುಕಬೇಕೆಂದರೆ ವೆಗೆನರ್‌ನನ್ನು ನೋಡಬಾರದು. ಅವನು ನಮ್ಮ ಕಣ್ಣನ್ನು ಎಳೆದುಕೊಂಡು ಹೋಗುತ್ತಾನೆ. ಚಿತ್ರದ ನಡುಭಾಗ, ನೆಲ ಮತ್ತು ಗೋಡೆ ಸೇರುವ ಕಡೆ ದೃಷ್ಟಿ ನೆಟ್ಟು ಫ್ರೇಮ್ ಫ್ರೇಮಾಗಿ ಮುಂದೆ ಸಾಗಬೇಕು. ಫಿಲ್ಮ್ ಎರಡು ಸಲ ಗೇಟಿನಲ್ಲಿ (ಲೆನ್ಸಿನ ಹಿಂದೆ ಫಿಲ್ಮ್ ಹಾದುಹೋಗುವ ಕಿಂಡಿಯಲ್ಲಿ) ಓಡಿದರೆ ಎರಡು ಅರ್ಧಗಳ ನಡುಕ ಬೇರೆ ಬೇರೆಯಾಗಿರುತ್ತದೆ. ಎಡಗಡೆ ಕಂಪಿಸಿದಾಗ ಬಲಗಡೆ ಸುಮ್ಮನಿದ್ದರೆ, ಅವೆರಡರ ಮಧ್ಯೆಯೇ ಮಾಸ್ಕಿನ ಅಂಚು. ಹಳೆಯ ಪ್ರಿಂಟುಗಳಲ್ಲಿ ಇಡೀ ಚಿತ್ರವೇ ಅಲುಗುವುದರಿಂದ ತಾಳ್ಮೆ ಬೇಕು.

ಟ್ರಿಕ್ಕಿನ ಹುಚ್ಚು ಅವನನ್ನು ಬಿಡಲಿಲ್ಲ. 1918ರಲ್ಲಿ ಹ್ಯಾಮೆಲಿನ್ನಿನ ಕಿಂದರಿಜೋಗಿಯ ಚಿತ್ರ ಮಾಡುವಾಗ (ಕುವೆಂಪು ಕನ್ನಡಕ್ಕೆ ತಂದದ್ದೂ ಇದೇ ಜೋಗಿಯನ್ನು) ನಿಜವಾದ ಇಲಿಗಳು ಹೇಳಿದ ಹಾಗೆ ಕೇಳಲಿಲ್ಲ, ಚೆಲ್ಲಾಪಿಲ್ಲಿಯಾದವು. ಗಿನಿಪಿಗ್‌ಗಳಿಗೆ ಬಾಲ ಕಟ್ಟಿ ನೋಡಿದರು, ಅದೂ ಹತ್ತಲಿಲ್ಲ. ಕೊನೆಗೆ ಮರದ ಇಲಿ. ಒಂದೊಂದನ್ನೂ ಚೂರು ಸರಿಸುವುದು, ಒಂದು ಫ್ರೇಮ್ ತೆಗೆಯುವುದು. ಹತ್ತು ಸೆಕೆಂಡಿಗೆ 160 ಸಲ, ಅದೂ ಇಡೀ ಇಲಿಸೈನ್ಯಕ್ಕೆ. ಆ ಕೆಲಸಕ್ಕೆ ಕೈ ಹಾಕಿದವರಲ್ಲಿ 19ರ ಹುಡುಗಿ ಲೊಟ್ಟೆ ರೈನಿಗರ್ ಒಬ್ಬಳು. ಮುಂದೆ ಕಾಗದ ಕತ್ತರಿಸಿ ನೆರಳುಚಿತ್ರಗಳ ಪೂರ್ಣಪ್ರಮಾಣದ ಸಿನಿಮಾ ಮಾಡಿದವಳು.

ಜಗತ್ತಿಗೆ ಮಾತ್ರ ಅವನು ಗೋಲೆಮ್. ಪ್ರಾಗ್‌ನ ರಬ್ಬಿಯೊಬ್ಬ (ಯಹೂದಿ ಧರ್ಮಗುರು) ಜೇಡಿಮಣ್ಣಿನಿಂದ ಮಾಡಿ ಜೀವ ತುಂಬಿದ ಆಳಿನ ಕಥೆಯನ್ನು ಮೂರು ಸಲ ಚಿತ್ರ ಮಾಡಿದ. ಉಳಿದು ಹೆಸರಾದದ್ದು ಮೂರನೆಯದು, 1920ರದು. ಬರ್ಲಿನ್‌ನ ಟೆಂಪಲ್‌ಹೋಫ್‌ನಲ್ಲಿ ವಾಸ್ತುಶಿಲ್ಪಿ ಹಾನ್ಸ್ ಪೋಲ್ಜಿಗ್ ಓಣಿಗಳನ್ನು ಬಣ್ಣದ ಪರದೆಯಲ್ಲಿ ಬರೆಸಲಿಲ್ಲ, ಓಡಾಡುವಂಥ ಮನೆಗಳನ್ನೇ ಎಬ್ಬಿಸಿದ. ಗೋಡೆಗಳೂ ಮಣ್ಣಿನಿಂದ ತಟ್ಟಿದಂತೆ ಸೊಟ್ಟ. ವೆಗೆನರ್ ತಲೆಗೆ ಮಣ್ಣಿನ ಅಚ್ಚಿನಂಥ ವಿಗ್ಗು, ಕಾಲಿಗೆ ದಪ್ಪ ಅಟ್ಟೆಯ ಬೂಟು. ಆ ಭಾರವೇ ಅವನಿಗೆ ನಡಿಗೆ ಕಲಿಸಿದೆ ಅನಿಸುತ್ತದೆ: ಮಂಡಿ ಬಾಗದು, ತಿರುಗಬೇಕಾದರೆ ಇಡೀ ಮೈ ತಿರುಗಬೇಕು. ಈ ದೈತ್ಯ ಬುಟ್ಟಿ ಹಿಡಿದು ಅಂಗಡಿಗೆ ಹೋಗುತ್ತಾನೆ! ಕಡೆಯಲ್ಲಿ ಪುಟ್ಟ ಹುಡುಗಿಯೊಬ್ಬಳು ಸೇಬು ನೀಡುತ್ತಾಳೆ, ಎತ್ತಿಕೊಳ್ಳುತ್ತಾನೆ, ಅವಳು ಅವನಿಗೆ ಜೀವ ಕೊಟ್ಟಿದ್ದ ಎದೆಯ ನಕ್ಷತ್ರವನ್ನು ಕಿತ್ತುಕೊಳ್ಳುತ್ತಾಳೆ. ಉರುಳುವ ಮುನ್ನ ಅವನ ಮುಖದಲ್ಲಿ ನಗೆ ಮೂಡುತ್ತದಲ್ಲ, ಅಷ್ಟೊತ್ತು ಮಣ್ಣಾಗಿದ್ದ ಮುಖವಾದ್ದರಿಂದ ಅದು ಎದೆಗೆ ತಾಗುತ್ತದೆ.

ಮತ್ತೆ ಕನ್ನಡಿಯ ದೃಶ್ಯ. ತೆರೆಯ ಮೇಲೆ ಮೂವರು, ಸೆಟ್ಟಿನಲ್ಲಿದ್ದವರು ಇಬ್ಬರೇ. ಎರಡನೆಯವನು, ಸ್ಕಾಪಿನೆಲ್ಲಿಯಾದ ಜಾನ್ ಗಾಟೊವ್ಟ್, ಯಹೂದಿ. 1942ರಲ್ಲಿ ನಾಜಿಗಳು ಅವನನ್ನು ಪೋಲೆಂಡಿನಲ್ಲಿ ಕೊಂದರು. ಅದೇ ಚಿತ್ರದಲ್ಲಿ ಕೌಂಟೆಸ್ ಪಾತ್ರ ಮಾಡಿದ್ದ ಗ್ರೇಟೆ ಬರ್ಗರ್ 1944ರಲ್ಲಿ ಔಷ್ವಿಟ್ಸ್‌ನಲ್ಲಿ ಸತ್ತಳು. ವೆಗೆನರ್ ಜರ್ಮನಿ ಬಿಡಲಿಲ್ಲ. ಆ ಸರ್ಕಾರದ ಬಿರುದು ಪಡೆದ, 1945ರ ಜನವರಿಯಲ್ಲಿ ಬಿಡುಗಡೆಯಾದ ಪ್ರಚಾರಚಿತ್ರ ‘ಕೋಲ್‌ಬರ್ಗ್’ನಲ್ಲೂ ನಟಿಸಿದ. ಈ ಲೆಕ್ಕವನ್ನು ಯಾವ ಮಾಸ್ಕಿನಿಂದಲೂ ಮುಚ್ಚಲಾಗದು.

ಅದೇ ವರ್ಷ ಸೆಪ್ಟೆಂಬರ್ 7ರಂದು ಬರ್ಲಿನ್‌ನ ಡಾಯ್ಚಸ್ ಥಿಯೇಟರ್ ಮತ್ತೆ ಬಾಗಿಲು ತೆರೆದಾಗ ಆಡಿದ್ದು ಲೆಸಿಂಗ್‌ನ ‘ನಾಥಾನ್’, ನಾಜಿಗಳು ನಿಷೇಧಿಸಿದ್ದ ನಾಟಕ. ಯಹೂದಿ ವ್ಯಾಪಾರಿ ನಾಥಾನ್ ಆಗಿ ರಂಗಕ್ಕೆ ಬಂದವನು 70ರ ವೆಗೆನರ್. 1948ರ ಜುಲೈನಲ್ಲಿ ಅದೇ ವೇಷದಲ್ಲಿ ರಂಗದ ಮೇಲೆ ಕುಸಿದ. ಸೆಪ್ಟೆಂಬರ್ 13ಕ್ಕೆ ತೀರಿಕೊಂಡ.