ಆಮೆಗಾಗಿ ಕೊಯ್ದ ಬಲೆ

ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಕಡೆ, ದಕ್ಷಿಣದ ದಡದಲ್ಲಿ ಕಾಸರಕೋಡು ಟೊಂಕ. ಇಲ್ಲಿಯ ಶಾಲೆಗೆ ಬಂದ ಮೇಲೆ ನಾನು ಬಾಡಿಗೆಗೆ ಹಿಡಿದ ಮನೆಯ ಎದುರೇ ಒಣಮೀನಿನ ಅಂಗಳ. ಬೆಳಗಾದರೆ ತಾರಲೆ ಮೀನು ಹರವುವ ಹೆಂಗಸರು, ಅವರ ತಲೆಯ ಮೇಲೆ ಸುತ್ತು ಹಾಕುವ ಗರುಡ, ಕಾಲಿಗೆ ತೊಡರುವ ಬೆಳ್ಳಕ್ಕಿ. ಹತ್ತಿರದ ಬೀಚಿಗೆ 2020ರಲ್ಲಿ ಸ್ವಚ್ಛ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು, ಪ್ರವಾಸಿಗರೆಲ್ಲ ಅಲ್ಲಿಗೇ. ನಮ್ಮ ಕಡೆಗೆ ಬರುವುದು ಮೀನಿನ ಗಾಡಿ ಮಾತ್ರ.

ಫೆಬ್ರವರಿಯ ಒಂದು ಭಾನುವಾರ. ಬಂಗುಡೆ ತರೋಣವೆಂದು ಚೀಲ ಹಿಡಿದು ಹೋದರೆ ಪಕ್ಕದ ಮನೆಯ ಅಜ್ಜನ ದೋಣಿಯ ಸುತ್ತ ಜನ. ಬೀಡುಬಲೆಗೆ ಕಡಲಾಮೆ ಸಿಕ್ಕಿತ್ತು. ನೀರಲ್ಲೇ ಬಿಡಿಸಲು ನೋಡಿದರಂತೆ, ಆಗಲಿಲ್ಲ. ಮುಂಗಾಲಿಗೂ ಕುತ್ತಿಗೆಗೂ ನೂಲು ಎಷ್ಟು ಬಿಗಿದಿತ್ತೆಂದರೆ ಚರ್ಮ ಬೆಳ್ಳಗಾಗಿತ್ತು. ಆಮೆಗೆ ಮೇಲೆ ಬಂದು ಉಸಿರಾಡಲೇಬೇಕು. ಬಲೆಯೊಳಗೆ ಮುಳುಗಿಯೇ ಉಳಿದರೆ ಕಡಲಲ್ಲಿ ಬದುಕುವ ಜೀವಕ್ಕೂ ಕಡಲೇ ಸಾವು.

ಅಜ್ಜ ಬಲೆಯ ಒಂದೊಂದೇ ಕಣ್ಣು ಬಿಡಿಸುತ್ತಿದ್ದರು. ಮಗ ಪಕ್ಕದಲ್ಲಿ ನಿಂತು ಏನೂ ಮಾತಾಡಲಿಲ್ಲ. ಆ ಬಲೆಯ ಸಾಲ ಇನ್ನೂ ತೀರಿಲ್ಲವೆಂದು ಬೀದಿಗೆಲ್ಲ ಗೊತ್ತು. ಆಮೆ ಒಮ್ಮೆ ಬಾಯಿ ತೆರೆದು ಹುಸ್ಸೆಂದು ಉಸಿರು ಬಿಟ್ಟಿತು. ಅಜ್ಜ ತಲೆ ಎತ್ತಿ, "ಹೋಯ್, ಕತ್ತಿ ತಕಂಡ್ ಬಾ" ಎಂದರು.

ಮಗ ಕತ್ತಿ ತಂದುಕೊಟ್ಟ. ಬಲೆ ಹರಿಯುವ ಆ ಸದ್ದು ನನಗೆ ಇನ್ನೂ ಕಿವಿಯಲ್ಲಿದೆ.

ಬೂದು ಹಸಿರಿನ, ಹೃದಯದಾಕಾರದ ಚಿಪ್ಪು. ಆಲಿವ್ ರಿಡ್ಲೆ ಜಾತಿಯ ಕಡಲಾಮೆ. ಬಾಲ ಚಿಪ್ಪಿನಾಚೆ ಕಾಣುತ್ತಿರಲಿಲ್ಲ, ಹಾಗಾಗಿ ಹೆಣ್ಣೇ. ಮೊಟ್ಟೆಯಿಡಲು ನಮ್ಮ ದಡ ಹುಡುಕಿ ಬಂದವಳಿರಬೇಕು, ಅದರದೇ ಕಾಲ ಅದು. ಕಣ್ಣಿಂದ ಗಟ್ಟಿಯಾದ ನೀರು ಇಳಿಯುತ್ತಿತ್ತು. "ಅಕ್ಕೋರೆ, ಅಳ್ತಾ ಇದೆ" ಎಂದಳು ನನ್ನ ಮೂರನೆಯ ತರಗತಿಯ ಹುಡುಗಿ. ಕುಡಿದ ಕಡಲನೀರಿನ ಉಪ್ಪನ್ನು ಆಮೆ ಕಣ್ಣಿನ ಬಳಿಯ ಗ್ರಂಥಿಯಿಂದ ಹೊರಹಾಕುತ್ತದೆ ಎಂದು ಹೇಳಿಕೊಟ್ಟೆ. ಅವಳು ತಲೆಯಾಡಿಸಿದಳು, ಆದರೂ ಕೈಯಲ್ಲಿ ನೀರು ತಂದು ಅದರ ಮುಖಕ್ಕೆ ಹಾಕಿದಳು.

ಅಜ್ಜನ ಹೆಂಡತಿ ಮನೆಯಿಂದ ಕುಂಕುಮ ತಂದು ಚಿಪ್ಪಿಗೆ ಹಚ್ಚಿದರು. ಕೂರ್ಮಾವತಾರ ಅಲ್ಲವೇ. ನಾಲ್ಕು ಜನ ಎತ್ತಿ ಅಲೆಯ ಅಂಚಿಗೆ ಇಟ್ಟೆವು, ನನ್ನ ಕೈಯೂ ಇತ್ತು. ಮೊದಲ ಅಲೆಗೆ ಅಲುಗಲಿಲ್ಲ. ಎರಡನೆಯದಕ್ಕೆ ತಲೆ ಎತ್ತಿತು. ಮೂರನೆಯದು ಹಿಂದೆ ಸರಿಯುವಾಗ ಮುಂಗಾಲು ಬೀಸಿ ಅದರ ಜೊತೆಗೇ ಹೋಯಿತು.

ಆಮೆ ಸಾಯುವುದು ಮೀನುಗಾರರ ಬಲೆಯಿಂದ ಎಂದು ಊರಾಚೆಯವರು ಸುಲಭವಾಗಿ ಹೇಳಿಬಿಡುತ್ತಾರೆ. ಸಾಯುತ್ತವೆ, ಸುಳ್ಳಲ್ಲ. ಆದರೆ ಇಲ್ಲಿ ರಾತ್ರಿ ಆಮೆ ದಡ ಹತ್ತಿದ ಗುರುತು ಕಂಡರೆ ಅರಣ್ಯ ಇಲಾಖೆಗೆ ಮೊದಲು ಫೋನು ಮಾಡುವವರೂ ಇವರೇ. ಒಂದು ಗೂಡಿನಲ್ಲಿ ನೂರರಷ್ಟು ಮೊಟ್ಟೆ, ಮರಿ ಬರಲು 45ರಿಂದ 60 ದಿನ. ಅಷ್ಟು ದಿನ ನಾಯಿ, ನರಿ ಕೆದಕದಂತೆ ಸುತ್ತ ಕಟ್ಟುವುದು ಕೂಡ ಬಲೆಯೇ. ಮಹಾರಾಷ್ಟ್ರದಲ್ಲಿ ಹೀಗೆ ಬಲೆ ಕೊಯ್ದು ಸಂರಕ್ಷಿತ ಜೀವಿಯನ್ನು ಬಿಟ್ಟವರಿಗೆ ಸರ್ಕಾರ ಪರಿಹಾರ ಕೊಡುತ್ತದೆ. ಅಜ್ಜನಿಗೆ ಆ ದಿನ ಸಿಕ್ಕಿದ್ದು ಅರ್ಧ ಬುಟ್ಟಿ ಬಂಗುಡೆ. ನಮ್ಮಲ್ಲೂ ಅಂಥದ್ದೊಂದು ಬೇಕೇ ಬೇಕು, ಕೇಳಿದವರಿಗೆಲ್ಲ ನಾನು ಇದನ್ನೇ ಹೇಳುತ್ತೇನೆ.

ಸಂಜೆ ಅಜ್ಜ ಅಂಗಳದಲ್ಲಿ ಬಲೆ ಹರವಿಕೊಂಡು ಕೂತಿದ್ದರು. ತೂತು ಒಬ್ಬರು ನುಸುಳುವಷ್ಟು ದೊಡ್ಡದಿತ್ತು. ಒಂದು ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಸೂಜಿ ಆಡಿಸುತ್ತಿದ್ದರು. ನನ್ನನ್ನು ಕಂಡು, "ಅಕ್ಕೋರೆ, ಈ ತುದಿ ಸ್ವಲ್ಪ ಎಳೆದು ಹಿಡೀರಿ" ಎಂದರು. ಕತ್ತಲಾಗುವ ತನಕ ಹಿಡಿದು ಕೂತೆ.