ರಿಲೇ ತಂಡಕ್ಕೆ ಸ್ಮಾರ್ಟ್ ಕ್ಲಾಸ್ ಯಾಕೆ ಬೇಕು?

ಸ್ಮಾರ್ಟ್ ಕ್ಲಾಸ್ ಕೋಣೆ ಅಂದರೆ ಗಣಿತ, ವಿಜ್ಞಾನದವರದ್ದು ಅಂತಲೇ ಎಲ್ಲರ ಲೆಕ್ಕ. ಪಿಟಿ ಮೇಷ್ಟ್ರಿಗೆ ಅಲ್ಲೇನು ಕೆಲಸ ಅಂತ ಕೇಳುವವರಿದ್ದಾರೆ. ಆ ದೊಡ್ಡ ಟಿವಿ ನಮಗೇ ಎಲ್ಲರಿಗಿಂತ ಜಾಸ್ತಿ ಬೇಕು ಅಂತೀನಿ ನಾನು. ಓಡುವ ಹುಡುಗಿಗೆ ತನ್ನ ಓಟ ಕಾಣುವುದಿಲ್ಲ, ಅಲ್ವಾ?

ನಮ್ಮದು ಹಾವೇರಿ ಜಿಲ್ಲೆಯ ಹಳ್ಳಿ ಹೈಸ್ಕೂಲು. ಮಣ್ಣಿನ ಮೈದಾನ, ಸುಣ್ಣದ ಪುಡಿಯಲ್ಲಿ ಎಳೆದ 200 ಮೀಟರ್ ಟ್ರ್ಯಾಕ್. 4x100 ರಿಲೇ ಅಂದರೆ ನಾಲ್ವರು ತಲಾ 100 ಮೀಟರ್ ಓಡಿ, ಬೇಟನ್ ಅನ್ನುವ ಕೋಲನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವ ಓಟ. ನಮ್ಮ ಟ್ರ್ಯಾಕಿನಲ್ಲಿ ಎರಡು ಸುತ್ತು. ಬೇಟನ್ ಬದಲಿಸುವ ಝೋನ್ 30 ಮೀಟರ್. ನಾನು ಓಡುತ್ತಿದ್ದ ಕಾಲಕ್ಕೆ ಅದು 20 ಮೀಟರ್ ಇತ್ತು, ಓಟ ಶುರು ಮಾಡಲು ಹಿಂದೆ 10 ಮೀಟರ್ ಬೇರೆ. 2017ರ ಕೊನೆಗೆ ಎರಡನ್ನೂ ಸೇರಿಸಿ ಒಂದು ಮಾಡಿದರು. ಮೂರು ಝೋನ್ ಸೇರಿದರೆ 90 ಮೀಟರ್. ಅಲ್ಲಿ ನಿಧಾನವಾದರೆ ನಾಲ್ವರೂ ಎಷ್ಟು ಚುರುಕಿದ್ದರೂ ಗೆಲ್ಲುವುದು ಕಷ್ಟ.

ನಮ್ಮ ಹುಡುಗಿಯರ ತೊಂದರೆ ಅಲ್ಲೇ ಇತ್ತು. ಬೇಟನ್ ತರುವವಳು ನೆಲದ ಮೇಲಿನ ಗುರುತು ದಾಟಿದ ಕೂಡಲೇ ಮುಂದಿನವಳು ಓಟ ಶುರು ಮಾಡಬೇಕು. ಆದರೆ ಅವಳು ಹಿಂದೆ ತಿರುಗಿ ನೋಡುತ್ತಾ ನಿಲ್ಲುತ್ತಾಳೆ. ಬೇಟನ್ ಕೈಗೆ ಬಂದ ಮೇಲೆ ಓಟ ಶುರು. "ಇನ್ನೂ ಮುಂಚೆ ಓಡು" ಅಂತ ಕೂಗಿದರೆ "ಮುಂಚೇನೇ ಓಡಿದೆ ಸರ್" ಅನ್ನುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ. ಅವಳ ಮೈಗೆ ಹಾಗೇ ಅನ್ನಿಸಿರುತ್ತದೆ.

ಈಗ ಝೋನಿನ ನಡುವಿಗೆ ಸರಿಯಾಗಿ, ಟ್ರ್ಯಾಕಿನಿಂದ ಸಾಕಷ್ಟು ದೂರದಲ್ಲಿ ಫೋನನ್ನು ಸ್ಟ್ಯಾಂಡಿಗೆ ಹಾಕುತ್ತೇನೆ. ಎರಡೂ ಕೊನೆ ಚಿತ್ರದಲ್ಲಿ ಬರಬೇಕು. ಫೋನ್ ಇರುವುದು ನಡುವೆ, ಹಾಗಾಗಿ ಅದು ಎರಡೂ ಗೆರೆಗಳನ್ನು ಓರೆಯಾಗಿ ನೋಡುತ್ತದೆ. ಅದಕ್ಕೇ ಟ್ರ್ಯಾಕಿನ ಈಚೆ ಬದಿಗೆ ಒಂದೊಂದು ಕೋನ್ ಇಡುತ್ತೇನೆ. ಫೋನಿನಲ್ಲಿ ನೋಡಿದಾಗ ಕೋನೂ ಲೇನಿನ ನಡುವೆ ಗೆರೆ ಇರುವ ಜಾಗವೂ ಒಂದೇ ಕಡೆ ಕಾಣಬೇಕು. ಇದನ್ನು ಬಿಟ್ಟರೆ ಲೆಕ್ಕವೇ ತಪ್ಪುತ್ತದೆ.

ವಿಡಿಯೋ ಟಿವಿಗೆ ಹಾಕಿದ ಮೇಲೆ ಕೆಲಸ ಹುಡುಗಿಯರದ್ದು. ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಚಿತ್ರ. ಬೇಟನ್ ಝೋನಿಗೆ ಬಂದ ಫ್ರೇಮಿನಿಂದ ಹೊರಗೆ ಹೋಗುವ ಫ್ರೇಮಿನವರೆಗೆ ಅವರೇ ಎಣಿಸಿ, 30ರಿಂದ ಭಾಗಿಸುತ್ತಾರೆ. ಮೊದಲು ಬಂದದ್ದು 165, ಅಂದರೆ ಐದೂವರೆ ಸೆಕೆಂಡ್. ಮೂರನೇ ಓಟಗಾರ್ತಿ ಎದ್ದು ಹೋಗಿ ಟಿವಿಯಲ್ಲಿ ತನ್ನ ಕಾಲನ್ನೇ ತೋರಿಸಿದಳು. "ಸರ್, ಅವಳು ಗುರುತು ದಾಟಿದಾಳೆ, ನಾನಿನ್ನೂ ನಿಂತೇ ಇದ್ದೀನಿ." ಸೀಟಿ ಊದಿ ಊದಿ ನನ್ನಿಂದ ಆಗದ ಕೆಲಸ ಅದು. ಆಮೇಲೆ ಅವಳೇ ಹೆಜ್ಜೆ ಅಳೆದು ಗುರುತನ್ನು ಹಿಂದಕ್ಕೆ ಹಾಕಿಕೊಂಡಳು. ಈಗ ಅದೇ ಝೋನಿನಲ್ಲಿ 144 ಫ್ರೇಮ್ ಬರುತ್ತಿದೆ. ಯಾರ ಓಟವೂ ಜಾಸ್ತಿ ಆಗಿಲ್ಲ, ಬೇಟನ್ ಮಾತ್ರ ನಿಲ್ಲದೆ ಸಾಗುತ್ತಿದೆ.

ಇದನ್ನು ಸ್ಟಾಪ್‌ವಾಚಿನಲ್ಲಿ ಹಿಡಿಯಲು ಹೋಗಬೇಡಿ. ಇಷ್ಟು ಸಣ್ಣ ವ್ಯತ್ಯಾಸದಲ್ಲಿ ಹೆಬ್ಬೆರಳಿನ ತಡವೇ ದೊಡ್ಡ ಪಾಲು ತಿಂದುಬಿಡುತ್ತದೆ. ಕೈ ಗಡಿಯಾರದ ಸಮಯ ಎಲೆಕ್ಟ್ರಾನಿಕ್ ಸಮಯಕ್ಕಿಂತ ಸುಮಾರು 0.24 ಸೆಕೆಂಡ್ ಕಡಿಮೆ ಬರುತ್ತದೆ ಅಂತ ಅಥ್ಲೆಟಿಕ್ಸಿನಲ್ಲಿ ಲೆಕ್ಕ ಹಿಡಿಯುವ ರೂಢಿ ಸುಮ್ನೆ ಬಂದಿಲ್ಲ.

ಖೇಲೋ ಇಂಡಿಯಾ ಆ್ಯಪಿಗೂ ಮಕ್ಕಳ 50 ಮೀಟರ್, 600 ಮೀಟರ್ ಸಮಯ ತುಂಬುತ್ತೇವೆ. ಒಳ್ಳೆಯದೇ. ಆದರೆ ತನ್ನ ಅಂಕಿ ಏನು ಅಂತ ಮಗುವಿಗೂ ಗೊತ್ತಾಗಬೇಕು. ಅದಕ್ಕೆ ನಾನು ಅದನ್ನು ನೋಟಿಸ್ ಬೋರ್ಡಿಗೆ ಹಾಕದೆ, ಪ್ರತಿಯೊಬ್ಬರ ನೋಟ್‌ಬುಕ್ಕಿನಲ್ಲಿ ಬರೆಸುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ನಾನು ಬಗ್ಗುವುದಿಲ್ಲ. ಹೆಣ್ಣುಮಕ್ಕಳ ವಿಡಿಯೋ ತೆಗೆಯುವ ಮೊದಲು ಮನೆಯವರನ್ನು ಕೇಳಬೇಕು. ನೋಡಿ ಮುಗಿದ ಮೇಲೆ ಹುಡುಗಿಯರ ಎದುರೇ ಅಳಿಸಬೇಕು. ವಾಟ್ಸಾಪ್ ಸ್ಟೇಟಸ್ಸಿಗೆ ಗೆದ್ದ ಓಟವೂ ಬೇಡ.

ಹೋಬಳಿ ಮಟ್ಟದ ಕ್ರೀಡಾಕೂಟ ಬರುವುದು ಮಳೆಗಾಲದಲ್ಲೇ. ಮಳೆ ಬಂದರೆ ಪಿಟಿ ಪೀರಿಯಡ್ಡನ್ನು ಬೇರೆ ಪಾಠಕ್ಕೆ ಕೊಟ್ಟುಬಿಡುವುದು ಎಷ್ಟೋ ಕಡೆ ರೂಢಿ. ಕೊಡಬೇಡಿ. ಸ್ಮಾರ್ಟ್ ಕ್ಲಾಸಿನ ಬೀಗದ ಕೈ ಕೇಳಿ. ನಮ್ಮಲ್ಲಿ ಮುಂದಿನ ಸರದಿ ಉದ್ದ ಜಿಗಿತದವರದ್ದು. ಎಗರಲು ಕಾಲಿಡುವ ಹಲಗೆಯ ಪಕ್ಕ ನೆಲದ ಮಟ್ಟಕ್ಕೆ ಫೋನ್ ಇಡುತ್ತೇನೆ. ಹಲಗೆಯ ಅಗಲ 20 ಸೆಂಟಿಮೀಟರ್, ಅಳತೆ ಹಿಡಿಯುವುದು ಮರಳಿನ ಕಡೆಗಿರುವ ಅದರ ಮುಂದಿನ ಅಂಚಿನಿಂದ. ಅರ್ಧ ಅಡಿ ಹಿಂದೆ ಕಾಲಿಟ್ಟು ಎಗರಿದವನಿಗೆ ಆ ಅರ್ಧ ಅಡಿ ಲೆಕ್ಕಕ್ಕೆ ಸಿಗುವುದಿಲ್ಲ. ಅದನ್ನು ಅವನೇ ಟಿವಿಯಲ್ಲಿ ನೋಡಲಿ.