ಮಸ್ಟೋ, ಶುಡ್ಡೋ?

ಮಗಳಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡಲು ಕುಳಿತವನಿಗೆ ಕಣ್ಣು ತೆರೆದದ್ದು ಕನ್ನಡದ ಮೇಲೆ. ನಮ್ಮ 'ಬೇಕು' ಎಷ್ಟು ಹೊರೆ ಹೊರುತ್ತದೆ ನೋಡಿ: ಕಾಫಿ ಬೇಕು, ತೆರಿಗೆ ಕಟ್ಟಬೇಕು, ನೀನು ಸ್ವಲ್ಪ ನಿದ್ದೆ ಮಾಡಬೇಕು. ಆಸೆ, ಕಡ್ಡಾಯ, ಸಲಹೆ ಎಲ್ಲವೂ ಒಂದೇ ಪದ. ಉಳಿದದ್ದನ್ನು ದನಿ ಹೇಳುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ: ಮಾತನಾಡುವವರೇ ಒತ್ತಾಯಿಸಿದರೆ ಹೆಚ್ಚಾಗಿ 'ಮಸ್ಟ್', ನಿಯಮವೋ ಪರಿಸ್ಥಿತಿಯೋ ಒತ್ತಾಯಿಸಿದರೆ 'ಹ್ಯಾವ್ ಟು', ಸಲಹೆಗೆ 'ಶುಡ್'.

ನನಗೆ ದುಬಾರಿಯಾದದ್ದು 'ಹ್ಯಾಡ್ ಬೆಟರ್'. 'ಬೆಟರ್' ಇದೆಯಲ್ಲ, ಸೌಮ್ಯವಾಗಿಯೇ ಇರುತ್ತದೆ ಎಂದುಕೊಂಡು ವರ್ಷಗಳ ಹಿಂದೆ ಮೇಲಧಿಕಾರಿಗೆ ಬರೆದ ಪತ್ರದಲ್ಲಿ ಬಳಸಿದ್ದೆ. ಅದರ ಬಾಲದಲ್ಲಿ 'ಇಲ್ಲದಿದ್ದರೆ ನೋಡಿ' ಎಂಬ ಎಚ್ಚರಿಕೆ ಅಡಗಿರುತ್ತದೆ ಎಂದು ತಿಳಿದದ್ದು ಅವರು ಕರೆಸಿ ಕೇಳಿದಾಗಲೇ.

ನಿಷೇಧದಲ್ಲಿ ಮಾತ್ರ ಕನ್ನಡವೇ ಕೈ ಹಿಡಿಯಿತು. 'ಮಸ್ಟ್ ನಾಟ್' ಎಂದರೆ ಹೋಗಬಾರದು. 'ಡೋಂಟ್ ಹ್ಯಾವ್ ಟು' ಎಂದರೆ ಹೋಗಬೇಕಾಗಿಲ್ಲ, ಹೋದರೆ ತಪ್ಪೂ ಇಲ್ಲ. ಮಗಳು ಥಟ್ಟನೆ ಹಿಡಿದಳು.

ಇನ್ನು ಮಾಡುವುದೇ ಸರಿ ಎನ್ನುವ 'ಆಟ್ ಟು' (ought to). ಸಾಲ ತೀರಿಸಬೇಕಿರುವುದನ್ನು ಹೇಳುವ 'ಓ' (owe) ಎಂಬ ಕ್ರಿಯಾಪದದ ಹಳೆಯ ಭೂತಕಾಲದ ರೂಪವಂತೆ ಅದು. ಮಾಡಬೇಕಾದ್ದನ್ನೆಲ್ಲ ಋಣ ಎನ್ನುತ್ತಿದ್ದ ನಮ್ಮ ಅಜ್ಜಿಗೆ ಇದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ.

ನಾನು ಇನ್ನೂ ಹೇಳುತ್ತಿದ್ದೆ. 'ಅಪ್ಪ, ಈಗ ಮಲಗಬೇಕು' ಎಂದಳು. ಮಸ್ಟೋ, ಶುಡ್ಡೋ ಎಂದು ಕೇಳಿದೆ. ದೀಪ ಆರಿಸಿದಳು.